ಪಿಜ್ಜಾ ಕೈಕೊಟ್ಟಿತಾ? ಮೊದಲು ತಳ ನೋಡಿ

ಪಿಜ್ಜೇರಿಯಾದಲ್ಲಿ ಆಸೆಯಿಂದ ಕಾದು ಕೂತು, ಬಂದದ್ದನ್ನು ಎರಡು ತುತ್ತು ತಿಂದು, "ಯಾಕೋ ಚೆನ್ನಾಗಿಲ್ಲ" ಎಂದು ತಟ್ಟೆ ಪಕ್ಕಕ್ಕೆ ಸರಿಸುವುದು ಯಾರಿಗೂ ಹೊಸದಲ್ಲ. ಆದರೆ ಬರೀ "ಚೆನ್ನಾಗಿಲ್ಲ" ಎಂದರೆ ಅಡುಗೆಮನೆಯವರಿಗೆ ಏನೂ ತಿಳಿಯುವುದಿಲ್ಲ. ಪಾಪ, ಅದೇ ಹಿಟ್ಟಿನಲ್ಲಿ, ಅದೇ ಓವನ್‌ನಲ್ಲಿ ಇನ್ನೊಂದು ಮಾಡಿ ತರುತ್ತಾರೆ. ಅದೂ ಹಾಗೇ ಇರುತ್ತದೆ.

ಪಿಜ್ಜಾದಲ್ಲಿ ಅಡಗಿಸಿಡಲು ಜಾಗ ಕಡಿಮೆ. ಹಿಟ್ಟು, ಸಾಸ್, ಚೀಸ್, ಬೆಂಕಿ, ಅಷ್ಟೇ. ಹಾಗಾಗಿ ಎಲ್ಲಿ ಎಡವಿದ್ದಾರೆ ಎಂದು ಮೇಜಿನ ಮುಂದೆ ಕೂತೇ ಬಹುಮಟ್ಟಿಗೆ ಕಂಡುಹಿಡಿಯಬಹುದು. ನಾನು ನೋಡಿದ ಮಟ್ಟಿಗೆ ಹೆಚ್ಚಿನ ದೂರುಗಳ ಬೇರು ಎರಡೇ. ಒಂದೋ ನೀರು ಜಾಸ್ತಿ, ಇಲ್ಲವೇ ತಳಕ್ಕೆ ಕಾವು ಸಾಲದು. ಜನ ಮಾತ್ರ ಟಾಪಿಂಗ್ ನೋಡಿ ತೀರ್ಪು ಕೊಡುತ್ತಾರೆ.

ತಿನ್ನುವ ಮೊದಲು, ಒಂದು ನಿಮಿಷದ ಪರೀಕ್ಷೆ

ಖರ್ಚಿಲ್ಲದ ಪರೀಕ್ಷೆ ಇದು. ಒಂದು ತುಂಡನ್ನು ಎತ್ತಿ ಮಗುಚಿ ನೋಡಿ. ಬಿಸಿ ಚೀಸ್ ಕೈಮೇಲೆ ಜಾರೀತು, ಫೋರ್ಕ್‌ನಿಂದ ಅಂಚನ್ನು ಸ್ವಲ್ಪ ಎತ್ತಿದರೂ ಸಾಕು. ತಳದಲ್ಲಿ ಕಂದು ಬಣ್ಣವಿರಬೇಕು, ಅಲ್ಲಲ್ಲಿ ಗಾಢ ಚುಕ್ಕೆಗಳಿರಬೇಕು. ಆಮೇಲೆ ಅಂಚಿನ ಉಬ್ಬಿದ ಭಾಗವನ್ನು ಮುರಿದು ಒಳಗೆ ನೋಡಿ. ದೊಡ್ಡ ಚಿಕ್ಕ ಗಾಳಿಗುಳ್ಳೆಗಳು ಬೆರೆತಿದ್ದರೆ ಹಿಟ್ಟು ಚೆನ್ನಾಗಿ ಹುದುಗಿದೆ ಎಂದರ್ಥ. ಒಂದೇ ಸಮನೆ ಒತ್ತಾಗಿದ್ದರೆ ಇಲ್ಲ. ಕೊನೆಗೆ, ಟಾಪಿಂಗ್ ಇಲ್ಲದ ಅಂಚಿನ ತುಣುಕೊಂದನ್ನೇ ಸುಮ್ನೆ ತಿನ್ನಿ. ಅದೇ ಸಪ್ಪೆ ಎನಿಸಿದರೆ ಮೇಲೆ ಏನು ಸುರಿದರೂ ಪಿಜ್ಜಾ ಉಳಿಯುವುದಿಲ್ಲ.

ಇನ್ನೊಂದು ಪ್ರಶ್ನೆ ನಿಮಗೇ ಕೇಳಿಕೊಳ್ಳಬೇಕು. ಇದು ಯಾವ ಶೈಲಿಯ ಪಿಜ್ಜಾ? ಇಟಲಿಯ ನೇಪಲ್ಸ್ ನಗರದ ಶೈಲಿಯದ್ದು ಮೆತ್ತಗೇ ಇರುತ್ತದೆ. ಈ ಶೈಲಿಯನ್ನು ಕಾಪಾಡಲು 1984ರಲ್ಲಿ ನೇಪಲ್ಸ್‌ನಲ್ಲಿ ಒಂದು ಸಂಘ ಹುಟ್ಟಿತು. ಅದರ ನಿಯಮದಂತೆ ಪಿಜ್ಜಾ ಓವನ್‌ನಲ್ಲಿ ಇರುವುದು 60ರಿಂದ 90 ಸೆಕೆಂಡು ಮಾತ್ರ. ಓವನ್‌ನ ನೆಲದ ಕಾವು ಸುಮಾರು 400 ಡಿಗ್ರಿ ಸೆಲ್ಸಿಯಸ್, ಗುಮ್ಮಟದ್ದು ಅದಕ್ಕಿಂತ ಜಾಸ್ತಿ. ಅಷ್ಟು ಬೇಗ ಬೆಂದ ಪಿಜ್ಜಾ ಗರಿಗರಿ ಆಗುವುದಿಲ್ಲ. ನಡುಭಾಗ ತೆಳ್ಳಗೆ, ಒದ್ದೆಯಾಗಿ, ಬಾಗುವಂತೆ ಇರುತ್ತದೆ. ಅದನ್ನು ಫೋರ್ಕ್ ಚಾಕು ಹಿಡಿದು ತಿನ್ನುವವರೂ ಇದ್ದಾರೆ, ನಾಲ್ಕು ಮಡಿಕೆ ಮಾಡಿ ತಿನ್ನುವವರೂ ಇದ್ದಾರೆ. ಗರಿಗರಿ ಬೇಕೆಂದು ಹೋದವರಿಗೆ ಅಲ್ಲಿ ನಿರಾಸೆ ಆಗುತ್ತದೆ. ಆದರೆ ಅದು ಅಡುಗೆಯವರ ತಪ್ಪಲ್ಲ. ನ್ಯೂಯಾರ್ಕ್ ಶೈಲಿಯದ್ದು ಹೆಚ್ಚು ಹೊತ್ತು, ಕಡಿಮೆ ಕಾವಿನಲ್ಲಿ ಬೇಯುತ್ತದೆ. ತುಂಡು ಎತ್ತಿದರೆ ತುದಿ ತುಸು ಬಾಗಿದರೂ ತಳ ನೆಟ್ಟಗೆ ನಿಲ್ಲಬೇಕು. ನಿಮ್ಮ ಮುಂದಿರುವುದು ಯಾವುದು ಎಂದು ಗೊತ್ತಾಗದಿದ್ದರೆ ಬಡಿಸುವವರನ್ನು ಕೇಳಿ. ಕೇಳಿದರೆ ಯಾರೂ ಬೇಜಾರಾಗುವುದಿಲ್ಲ.

ನಡುಭಾಗದಲ್ಲಿ ನೀರು ನಿಂತಿದೆ

ಅತಿ ಸಾಮಾನ್ಯ ದೂರು ಇದೇ. ತುಂಡು ಕತ್ತರಿಸಿದ ಕೂಡಲೇ ತಟ್ಟೆಯಲ್ಲಿ ನೀರು ಹರಡುತ್ತದೆ. ಟಾಪಿಂಗ್ ಒಟ್ಟಿಗೇ ಜಾರಿ ಬೀಳುತ್ತದೆ. ಇಲ್ಲಿ ನೀರಿನ ಬಣ್ಣ ನೋಡಿ, ಅರ್ಧ ಉತ್ತರ ಸಿಗುತ್ತದೆ.

ಬಿಳಿಚು, ಹಾಲಿನಂಥ ನೀರಾದರೆ ಅದು ಚೀಸ್‌ನದು. ತಾಜಾ ಮೊಝರೆಲ್ಲಾದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಅದನ್ನು ಹೋಳು ಮಾಡಿ, ಜರಡಿಯಲ್ಲಿ ಕೆಲವು ಗಂಟೆ ಬಸಿದು, ಆಮೇಲೆ ಬಳಸಬೇಕು. ಡಬ್ಬಿಯಿಂದ ತೆಗೆದು ನೇರವಾಗಿ ಹಾಕಿದರೆ ಓವನ್‌ನಲ್ಲಿ ಆ ನೀರು ಬಿಡುತ್ತದೆ. ಹೊತ್ತಿಲ್ಲದ ರಾತ್ರಿಗಳಲ್ಲಿ ಮೊದಲು ಕೈಬಿಡುವ ಕೆಲಸ ಇದೇ.

ಕೆಂಪು ನೀರಾದರೆ ಸಾಸ್ ತೆಳುವಾಗಿದೆ, ಇಲ್ಲವೇ ಜಾಸ್ತಿ ಸುರಿದಿದ್ದಾರೆ. ಮಾರ್ಘೆರಿಟಾ ಎಂದರೆ ಟೊಮ್ಯಾಟೊ, ಮೊಝರೆಲ್ಲಾ, ಬೇಸಿಲ್ ಎಲೆಯ ಸರಳ ಪಿಜ್ಜಾ. ನೇಪಲ್ಸ್ ನಿಯಮದಂತೆ ಅದರಲ್ಲಿ ಟೊಮ್ಯಾಟೊ 100 ಗ್ರಾಂ ದಾಟುವುದಿಲ್ಲ. ಕಣ್ಣಿಗೆ ತೀರಾ ಕಡಿಮೆ ಎನಿಸುತ್ತದೆ. ಆದರೆ ತೆಳು ಹಿಟ್ಟು ಹೊರಬಲ್ಲದ್ದೇ ಅಷ್ಟು. "ಸಾಸ್ ಜಾಸ್ತಿ ಹಾಕಿ" ಎಂದು ನೀವೇ ಹೇಳಿದ್ದರೆ ಈ ದೂರು ಹೇಳದಿರುವುದೇ ವಾಸಿ!

ನೀರಿಗೆ ಬಣ್ಣವೇ ಇಲ್ಲ, ತರಕಾರಿಯ ಸುತ್ತ ನಿಂತಿದೆ ಎಂದರೆ ಟಾಪಿಂಗ್ ಹಸಿಯಾಗಿ ಹಾಕಿದ್ದಾರೆ. ಅಣಬೆಯಲ್ಲಿ ನೂರಕ್ಕೆ ಸುಮಾರು 90 ಭಾಗ ನೀರು. ದಪ್ಪ ಮೆಣಸಿನಕಾಯಿ, ಪಾಲಕ್, ಟೊಮ್ಯಾಟೊ ಹೋಳು ಎಲ್ಲದರದ್ದೂ ಹೆಚ್ಚು ಕಡಿಮೆ ಅದೇ ಕಥೆ. ಮೊದಲೇ ಹುರಿದು ನೀರು ಇಂಗಿಸಬೇಕು, ಇಲ್ಲವೇ ತೀರಾ ತೆಳ್ಳಗೆ ಹೆಚ್ಚಬೇಕು. ಐದಾರು ತರಕಾರಿ ಒಟ್ಟಿಗೆ ಕೇಳಿದರೆ ಎಂಥ ಒಳ್ಳೆಯ ಓವನ್ ಕೂಡ ಸೋಲುತ್ತದೆ. ಮುಂದಿನ ಸಲ ಎರಡಕ್ಕೆ ನಿಲ್ಲಿಸಿ ನೋಡಿ. ಬಹಳ ಸಲ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಹಳದಿ, ಹೊಳೆಯುವ ದ್ರವವಾದರೆ ಅದು ನೀರಲ್ಲ, ಎಣ್ಣೆ. ಅದರ ಮಾತು ಮುಂದೆ ಚೀಸ್ ಹತ್ತಿರ ಬರುತ್ತದೆ.

ಸಾಸ್ ಕೆಳಗೆ ಬಿಳಿ ಅಂಟು ಪದರ

ಇದನ್ನು ಗುರುತಿಸಲು ಕಲಿತರೆ ಪಿಜ್ಜಾ ಪರೀಕ್ಷೆ ಮುಕ್ಕಾಲು ಕಲಿತ ಹಾಗೆ. ತುಂಡಿನ ಕತ್ತರಿಸಿದ ಬದಿಯನ್ನು ಕಣ್ಣಿನ ಮಟ್ಟಕ್ಕೆ ತನ್ನಿ. ಕೆಳಗೆ ಕಂದು ತಳ ಕಾಣುತ್ತದೆ. ಅದರ ಮೇಲೆ ಗುಳ್ಳೆಗಳಿರುವ ಬೆಂದ ಹಿಟ್ಟು. ಅದರ ಮೇಲೆ, ಸಾಸ್‌ಗೆ ಅಂಟಿಕೊಂಡಂತೆ, ಗುಳ್ಳೆಯೇ ಇಲ್ಲದ, ಬೂದು ಬಿಳುಪಿನ, ಮಿನುಗುವ ಒಂದು ಗೆರೆ ಇದೆಯಾ? ಫೋರ್ಕ್‌ನ ಹಲ್ಲಿನಿಂದ ಕೆರೆಯಿರಿ. ಗೋಂದಿನ ಹಾಗೆ ಎಳೆದುಕೊಂಡು ಬಂದರೆ ಅದು ಬೇಯದ ಹಿಟ್ಟು. ಹಲ್ಲಿಗೆ ಮೆತ್ತಿಕೊಳ್ಳುವುದು, ತಿಂದ ಮೇಲೆ ಹೊಟ್ಟೆ ಭಾರ ಎನಿಸುವುದು ಬಹುಪಾಲು ಇದರಿಂದಲೇ.

ಕೂದಲೆಳೆಯಷ್ಟು ತೆಳು ಗೆರೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಸಾಸ್ ತಾಗುವ ಜಾಗದಲ್ಲಿ ಅಷ್ಟು ಒದ್ದೆ ಇದ್ದೇ ಇರುತ್ತದೆ. ಗೆರೆ ದಪ್ಪವಾಗಿ, ಅಂಚಿನವರೆಗೂ ಹಬ್ಬಿದ್ದರೆ ಮಾತ್ರ ದೋಷ.

ಕಾರಣ ಹುಡುಕಲು ಈಗ ತಳಕ್ಕೆ ವಾಪಸ್ ಬನ್ನಿ. ತಳವೂ ಬಿಳಿಚಿಕೊಂಡಿದ್ದರೆ ಓವನ್‌ನ ನೆಲ ಕಾದಿಲ್ಲ. ಇದನ್ನು ಸರಿಪಡಿಸುವುದು ಸುಲಭ, ಇನ್ನೊಂದೆರಡು ನಿಮಿಷ ಒಳಗಿಟ್ಟರೆ ಆಯಿತು. ತಳ ಚೆನ್ನಾಗಿ ಕೆಂಪಾಗಿದ್ದೂ ಒಳಗೆ ಅಂಟಿದ್ದರೆ ವಿಷಯ ಬೇರೆ. ಹಿಟ್ಟು ಫ್ರಿಜ್‌ನಿಂದ ನೇರ ಓವನ್‌ಗೆ ಹೋಗಿರಬಹುದು. ತಣ್ಣನೆ ಉಂಡೆ ಹೊರಗೆ ಬೇಯುತ್ತದೆ, ಒಳಗೆ ಬೇಯುವುದಿಲ್ಲ. ಹಿಟ್ಟು ಸಾಕಷ್ಟು ಹುದುಗದೆಯೂ ಹೀಗಾಗುತ್ತದೆ. ಗಾಳಿಗುಳ್ಳೆಯೇ ಇಲ್ಲದಿದ್ದರೆ ಹಿಟ್ಟು ಹಗುರಾಗುವುದಿಲ್ಲ, ಕಾವೂ ಒಳಗೆ ಸರಿಯಾಗಿ ತಲುಪುವುದಿಲ್ಲ. ಅಂಚು ಮುರಿದಾಗ ಒತ್ತಾಗಿ ಕಂಡಿತ್ತು ಎಂದಾದರೆ ಇದೇ ಕಾರಣ. ಇದು ಆ ರಾತ್ರಿ ಸರಿಹೋಗುವುದಿಲ್ಲ. ಬೇರೆ ಪಿಜ್ಜಾ ಕೇಳಿದರೂ ಅದೇ ಹಿಟ್ಟು ಬರುತ್ತದೆ. ಬೇರೇನಾದರೂ ತರಿಸಿ.

ಹೊತ್ತನ್ನೂ ಗಮನಿಸಿ. ಅಂಗಡಿಯ ಬಾಗಿಲು ತೆರೆದ ಕೂಡಲೇ ಹೋದರೆ ಓವನ್‌ನ ಗಾಳಿ ಕಾದಿರುತ್ತದೆ, ನೆಲದ ಕಲ್ಲು ಕಾದಿರುವುದಿಲ್ಲ. ಜನಜಂಗುಳಿಯ ಹೊತ್ತಿನಲ್ಲಿ ಇನ್ನೊಂದು ತೊಂದರೆ. ಪ್ರತಿ ಪಿಜ್ಜಾ ತಾನು ಕೂತ ಜಾಗದ ಕಾವನ್ನು ಹೀರುತ್ತದೆ. ಕಲ್ಲು ಚೇತರಿಸಿಕೊಳ್ಳುವ ಮುಂಚೆ ಅಲ್ಲೇ ಇನ್ನೊಂದನ್ನು ಇಟ್ಟರೆ ಮೇಲ್ಭಾಗ ಬೇಯುತ್ತದೆ, ತಳ ಹಸಿ ಉಳಿಯುತ್ತದೆ. ಒಂದೇ ಅಂಗಡಿಯ ಬಗ್ಗೆ ಒಬ್ಬರು ಹೊಗಳಿ ಇನ್ನೊಬ್ಬರು ಬೈಯುವುದಕ್ಕೆ ಇದೂ ಒಂದು ಕಾರಣ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ.

ತಳ ಕಪ್ಪಾಗಿದೆ, ಕಹಿ

ಅಂಚಿನ ಮೇಲೆ ಚಿಕ್ಕ ಚಿಕ್ಕ ಕಪ್ಪು ಚುಕ್ಕೆಗಳಿದ್ದರೆ ಅದು ದೋಷವಲ್ಲ. ಹಿಟ್ಟು ನಿಧಾನವಾಗಿ ಹುದುಗಿ, ಜೋರು ಕಾವಿನಲ್ಲಿ ಬೆಂದಿದೆ ಎಂಬ ಗುರುತು. ಒಂದೇ ಬದಿ ಪೂರ್ತಿ ಕಪ್ಪಾಗಿದ್ದರೆ ಸರಿಯಾದ ಹೊತ್ತಿಗೆ ತಿರುಗಿಸಿಲ್ಲ, ಅಷ್ಟೇ.

ತಳದ ಕಪ್ಪನ್ನು ಬೆರಳಿನಿಂದ ಉಜ್ಜಿ. ಪುಡಿಪುಡಿಯಾಗಿ ಕೈಗೆ ಹತ್ತಿದರೆ ಅದು ಸೀದ ಒಣಹಿಟ್ಟು. ಅಂಟದಿರಲೆಂದು ಉದುರಿಸಿದ ಹಿಟ್ಟು ಓವನ್‌ನ ನೆಲದಲ್ಲಿ ಉಳಿದು, ಕರಕಲಾಗಿ, ಮುಂದಿನ ಪಿಜ್ಜಾಗಳಿಗೆಲ್ಲ ಮೆತ್ತಿಕೊಳ್ಳುತ್ತದೆ. ಕಹಿ ಬರುವುದು ಅದರಿಂದ. ನೆಲ ಗುಡಿಸಿ ಹೊಸದು ಮಾಡಿಕೊಡಿ ಎಂದು ಧಾರಾಳವಾಗಿ ಕೇಳಬಹುದು. ಉಜ್ಜಿದರೂ ಬಾರದ ಕಪ್ಪಾದರೆ ಹಿಟ್ಟೇ ಸೀದಿದೆ. ನೆಲ ವಿಪರೀತ ಕಾದಿರಬಹುದು. ಹಿಟ್ಟಿಗೆ ಸಕ್ಕರೆ ಹಾಕಿದ್ದರೂ ಜೋರು ಓವನ್‌ನಲ್ಲಿ ಹೀಗಾಗುತ್ತದೆ. ಸುಟ್ಟ ಭಾಗ ಬಿಡಿಸಿ ಪಕ್ಕಕ್ಕಿಡಿ, ಹಠ ಹಿಡಿದು ತಿನ್ನಬೇಡಿ.

ಮಗುಚಿ ನೋಡುವಾಗ ಇನ್ನೊಂದಕ್ಕೆ ಕಣ್ಣಿಡಿ. ಓವನ್ ನೆಲವನ್ನು ಕೆಲವು ಕಡೆ ತಂತಿಯ ಬ್ರಷ್‌ನಿಂದ ಉಜ್ಜುತ್ತಾರೆ. ಹಳೆಯ ಬ್ರಷ್‌ನಿಂದ ತಂತಿಯ ಎಳೆ ಉದುರಿ ತಳಕ್ಕೆ ಅಂಟಿಕೊಳ್ಳುವುದುಂಟು. ಕೂದಲಿನಂಥ, ಮಿನುಗುವ, ಗಟ್ಟಿ ಎಳೆ ಕಂಡರೆ ಅಲ್ಲಿಗೇ ನಿಲ್ಲಿಸಿ, ಮ್ಯಾನೇಜರ್‌ಗೆ ತೋರಿಸಿ. ಅವರು ಆ ಹೊತ್ತಿಗೆ ಓವನ್‌ನಲ್ಲಿರುವ ಉಳಿದ ಪಿಜ್ಜಾಗಳನ್ನೂ ನೋಡಬೇಕಾಗುತ್ತದೆ. ತಿಂದ ಮೇಲೆ ಗಂಟಲಲ್ಲಿ ಚುಚ್ಚಿದಂತಾದರೆ, ಹೊಟ್ಟೆಯಲ್ಲಿ ಚೂಪು ನೋವು ಬಂದರೆ ಮನೆಮದ್ದು ಮಾಡುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಅಂಚು ಬಿಳಿಚಿದೆ, ಜಗಿದು ದವಡೆ ನೋಯುತ್ತಿದೆ

ಬಿಳಿಚಿದ ಅಂಚಿಗೆ ಮೊದಲ ಅನುಮಾನ ಓವನ್ ಮೇಲೆ. ಆದರೆ ಮೊದಲು ಮೂಸಿ ನೋಡಿ. ಹುಳಿ, ಹೆಂಡದಂಥ ವಾಸನೆ ಬಂದರೆ ಹಿಟ್ಟು ಅತಿಯಾಗಿ ಹುದುಗಿದೆ. ಈಸ್ಟ್ ಹಿಟ್ಟಿನ ಸಕ್ಕರೆಯನ್ನೆಲ್ಲ ತಿಂದು ಮುಗಿಸಿದರೆ ಕೆಂಪಾಗಲು ಏನೂ ಉಳಿಯುವುದಿಲ್ಲ. ಆಮೇಲೆ ಎಷ್ಟು ಬೇಯಿಸಿದರೂ ಅಂಚು ಒಣಗುತ್ತದೆಯೇ ಹೊರತು ಬಣ್ಣ ಬರುವುದಿಲ್ಲ. ವಾಸನೆ ಇಲ್ಲದಿದ್ದರೆ ಓವನ್ ತಣ್ಣಗಿತ್ತು. ಕಡಿಮೆ ಕಾವಿನಲ್ಲಿ ತುಂಬ ಹೊತ್ತು ಇಟ್ಟರೆ ನೀರೆಲ್ಲ ಆವಿಯಾಗಿ ಅಂಚು ಚರ್ಮದ ಹಾಗಾಗುತ್ತದೆ. ಪಿಜ್ಜಾವನ್ನು ಚಲಿಸುವ ಪಟ್ಟಿಯ ಮೇಲೆ ಸಾಗಿಸುತ್ತ ಬೇಯಿಸುವ ಕನ್ವೇಯರ್ ಓವನ್ ಇರುವ ಕಡೆ ಪಟ್ಟಿಯ ವೇಗ ತಪ್ಪಿದರೂ ಹೀಗೆ. ಅಲ್ಲಿ "ಇನ್ನೊಮ್ಮೆ ಅರ್ಧ ಸುತ್ತು ಬಿಡಿ" ಎಂದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ.

ಚೀಸ್ ರಬ್ಬರ್ ಆಗಿದೆ, ಇಲ್ಲವೇ ಎಣ್ಣೆ ತೇಲುತ್ತಿದೆ

ಮೊದಲು ಗಡಿಯಾರ ನೋಡಿ. ಪಿಜ್ಜಾ ಬಂದು ಎಷ್ಟು ಹೊತ್ತಾಯಿತು? ಫೋಟೊ ತೆಗೆಯುತ್ತ, ಮಾತಾಡುತ್ತ ಕೂತರೆ ಯಾವ ಚೀಸ್ ಆದರೂ ಗಟ್ಟಿಯಾಗುತ್ತದೆ. ಚೀಸ್ ಆರಿದಂತೆ ಕೊಬ್ಬು ಹೆಪ್ಪುಗಟ್ಟುತ್ತದೆ, ಎಳೆ ಬರುವುದು ನಿಲ್ಲುತ್ತದೆ. ಇದಕ್ಕೆ ಅಡುಗೆಯವರು ಏನು ಮಾಡಿಯಾರು?

ಬಿಸಿಬಿಸಿ ಇದ್ದಾಗಲೇ ರಬ್ಬರ್ ಆಗಿದ್ದರೆ ಮಾತ್ರ ಮುಂದೆ ಹೋಗಿ. ಚೂರುಗಳು ಒಂದಕ್ಕೊಂದು ಕೂಡದೆ, ತುರಿದ ಆಕಾರ ಇನ್ನೂ ಕಾಣುತ್ತಿದ್ದರೆ ಅದು ಪ್ಯಾಕೆಟ್‌ನಲ್ಲಿ ಬರುವ ತುರಿದ ಚೀಸ್ ಇರಬಹುದು. ಅಂಟಿಕೊಳ್ಳದಿರಲು ಅದಕ್ಕೆ ಪಿಷ್ಟದ ಪುಡಿಯೋ ಸೆಲ್ಯುಲೋಸ್ ಪುಡಿಯೋ ಬೆರೆಸಿರುತ್ತಾರೆ. ಹಾನಿಯಿಲ್ಲ, ಆದರೆ ಸರಿಯಾಗಿ ಕರಗುವುದಿಲ್ಲ. ಹಾಲಿನ ಕೊಬ್ಬಿನ ಬದಲು ಸಸ್ಯದೆಣ್ಣೆ ಹಾಕಿದ ಚೀಸ್ ಮಾದರಿಯ ಪದಾರ್ಥಗಳೂ ಇವೆ. ಕಣ್ಣಲ್ಲಿ ನೋಡಿ ಖಚಿತವಾಗಿ ಹೇಳಲು ಆಗುವುದಿಲ್ಲ. ಆದ್ದರಿಂದ ಆರೋಪ ಮಾಡಬೇಡಿ, ಕೇಳಿ. "ಇದು ಮೊಝರೆಲ್ಲಾನಾ?" ಎಂಬ ಪ್ರಶ್ನೆಗೆ ಬರುವ ಉತ್ತರದ ಧಾಟಿಯಲ್ಲೇ ಅರ್ಧ ಗೊತ್ತಾಗುತ್ತದೆ.

ಎಣ್ಣೆ ತೇಲುವುದು ಹೆಚ್ಚಾಗಿ ಕಾವು ಮೀರಿದ್ದರಿಂದ. ಚೀಸ್ ಅತಿಯಾಗಿ ಬೆಂದರೆ ಕೊಬ್ಬು ಬೇರೆಯಾಗಿ ಮೇಲೆ ಬರುತ್ತದೆ, ಉಳಿದದ್ದು ಬಿಗಿಯುತ್ತದೆ. ಪೆಪ್ಪರೋನಿಯಂಥ ಮಾಂಸ ಇದ್ದರೆ ಸ್ವಲ್ಪ ಕಿತ್ತಳೆ ಬಣ್ಣದ ಎಣ್ಣೆ ಸಹಜವೇ. ಟಿಶ್ಯೂ ಒತ್ತಿ ತೆಗೆದು ತಿನ್ನಿ.

ಸಪ್ಪೆ, ಅಥವಾ ಬರೀ ಉಪ್ಪು

ಅಂಚು ಸಪ್ಪೆ, ಮೇಲ್ಭಾಗ ಸರಿ ಎಂದರೆ ಹಿಟ್ಟಿಗೆ ಉಪ್ಪು ಕಡಿಮೆ, ಇಲ್ಲವೇ ಹುದುಗಲು ಹೊತ್ತು ಕೊಟ್ಟಿಲ್ಲ. ಫ್ರಿಜ್‌ನಲ್ಲಿ ಒಂದೆರಡು ದಿನ ನಿಧಾನವಾಗಿ ಹುದುಗಿದ ಹಿಟ್ಟಿಗೆ ತನ್ನದೇ ರುಚಿ ಇರುತ್ತದೆ. ಎರಡು ಗಂಟೆಯಲ್ಲಿ ಉಬ್ಬಿಸಿದ್ದಕ್ಕೆ ಅದು ಬರುವುದಿಲ್ಲ. ಅಂಚು ಸರಿ, ಮೇಲ್ಭಾಗ ಉಪ್ಪು ಎಂದರೆ ಆಲಿವ್, ಮಾಂಸ, ಚೀಸ್ ಮೂರೂ ಉಪ್ಪಿನವೇ ಆಗಿ ಒಟ್ಟುಸೇರಿವೆ. ಅದು ನಿಮ್ಮ ಆಯ್ಕೆಯೂ ಆಗಿರಬಹುದು, ಅಲ್ವಾ?

ಮನೆಗೆ ಬಂದಾಗ ಮೆತ್ತಗಾಗಿತ್ತು

ಅಂಗಡಿಯಲ್ಲಿ ಚೆನ್ನಾಗಿದ್ದು ಮನೆಯಲ್ಲಿ ಕೆಟ್ಟರೆ ತಪ್ಪು ಡಬ್ಬಿಯದು. ಬಿಸಿ ಪಿಜ್ಜಾದ ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ವಾಪಸ್ ಇಳಿಯುತ್ತದೆ. ಮುಚ್ಚಳದ ಒಳಬದಿ ಮುಟ್ಟಿ ನೋಡಿ, ಒದ್ದೆಯಾಗಿದ್ದರೆ ಅನುಮಾನವೇ ಬೇಡ. ದಾರಿಯಲ್ಲಿ ಮುಚ್ಚಳ ಒಂಚೂರು ತೆರೆದಿಡಿ, ಡಬ್ಬಿಯ ಬದಿಯ ತೂತುಗಳನ್ನು ಒತ್ತಿ ಬಿಡಿಸಿ. ಚೀಸ್ ಪೂರ್ತಿ ಮುಚ್ಚಳಕ್ಕೆ ಅಂಟಿಕೊಂಡು ಬಂದರೆ ನಡುವೆ ಇಡುವ ಮೂರು ಕಾಲಿನ ಪುಟ್ಟ ಪ್ಲಾಸ್ಟಿಕ್ ಮೇಜು ಹಾಕಿಲ್ಲ ಎಂದರ್ಥ. ಅದಕ್ಕೆ 1985ರಲ್ಲಿ ಅಮೆರಿಕದಲ್ಲಿ ಕಾರ್ಮೆಲಾ ವಿಟಾಲೆ ಎಂಬುವರು ಪೇಟೆಂಟ್ ಪಡೆದರು. ಇಷ್ಟು ಚಿಕ್ಕ ವಸ್ತು ಇಷ್ಟು ಪಿಜ್ಜಾ ಉಳಿಸಿದೆ ಎಂದರೆ ನನಗೆ ಈಗಲೂ ಖುಷಿ.

ಮೆತ್ತಗಾದದ್ದನ್ನು ಮೈಕ್ರೋವೇವ್‌ನಲ್ಲಿಡಬೇಡಿ, ಇನ್ನೂ ನಾರಾಗುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ ಇಡಿ. ತಳ ಗರಿಯಾದ ಮೇಲೆ ಕೊನೆಯ ಒಂದು ನಿಮಿಷ ಮುಚ್ಚಿ, ಚೀಸ್ ಕರಗುತ್ತದೆ. ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇದ್ದ ಪಿಜ್ಜಾ ಬೇಡ. ಫ್ರಿಜ್‌ನಲ್ಲಿಟ್ಟದ್ದನ್ನು ಮೂರ್ನಾಲ್ಕು ದಿನದೊಳಗೆ, ಒಳಗೆಲ್ಲ ಹಬೆಯಾಡುವಷ್ಟು ಬಿಸಿ ಮಾಡಿ ತಿನ್ನಿ.

ಹೇಳುವುದು ಹೇಗೆ

ಅರ್ಧ ತಿಂದು ಮುಗಿಸಿ ದೂರಬೇಡಿ. ಮೊದಲ ತುಂಡಿನಲ್ಲೇ ಕರೆಯಿರಿ, ಕಂಡದ್ದನ್ನು ತೋರಿಸಿ. "ತಳ ಬಿಳಿ ಇದೆ, ಇನ್ನೊಂದೆರಡು ನಿಮಿಷ ಬೇಯಿಸಿ ಕೊಡ್ತೀರಾ?" ಎಂದರೆ ಕೆಲಸ ಆಗುತ್ತದೆ. ಓವನ್‌ಗೆ ವಾಪಸ್ ಹೋದರೆ ಸರಿಯಾಗುವ ದೋಷ, ಹೊಸದಾಗಿ ಮಾಡಬೇಕಾದ ದೋಷ, ಆ ದಿನ ಏನೂ ಮಾಡಲಾಗದ ದೋಷ ಯಾವುದು ಎಂದು ಈಗ ನಿಮಗೆ ಗೊತ್ತಿದೆ. ಹಿಟ್ಟೇ ಕೆಟ್ಟಿದ್ದರೆ ಹಣ ವಾಪಸ್ ಕೇಳುವುದರಲ್ಲಿ ತಪ್ಪೇನಿಲ್ಲ.

ಇನ್ನೊಂದು ಅವಕಾಶ ಕೊಡುವ ಮನಸ್ಸಿದ್ದರೆ ಬೇರೆ ದಿನ, ಜನ ಕಡಿಮೆ ಇರುವ ಹೊತ್ತಿಗೆ ಹೋಗಿ. ಓವನ್ ಹೊತ್ತಿಸಿ ಒಂದೆರಡು ಗಂಟೆಯಾದರೂ ಆಗಿರಲಿ. ಬರೀ ಮಾರ್ಘೆರಿಟಾ ತರಿಸಿ. ಅದರಲ್ಲಿ ಮುಚ್ಚಿಡಲು ಏನೂ ಇಲ್ಲ. ಅದು ಚೆನ್ನಾಗಿ ಬಂದರೆ ಹಿಂದಿನ ಸಲ ಗದ್ದಲವೋ ಟಾಪಿಂಗೋ ಕಾರಣ. ಅದೂ ಅದೇ ರೀತಿ ಕೆಟ್ಟಿದ್ದರೆ ಅಂಗಡಿಯ ಪದ್ಧತಿಯಲ್ಲೇ ದೋಷವಿದೆ. ನೀವು ಹೇಳಿ ಸರಿಯಾಗುವುದಲ್ಲ, ಬೇರೆ ಅಂಗಡಿ ಹುಡುಕಿ.

ರುಚಿಯ ಮಾತು ಬಿಟ್ಟು, ತಿನ್ನುವುದನ್ನೇ ನಿಲ್ಲಿಸಬೇಕಾದಾಗ

ಮಾಂಸ ಒಳಗೆ ಹಸಿಯಾಗಿದ್ದರೆ, ಚೀಸ್ ಅಥವಾ ಮಾಂಸ ಕೊಳೆತ ವಾಸನೆ ಬಂದರೆ, ಗಾಜು ಲೋಹ ಸಿಕ್ಕರೆ ಇನ್ನೊಂದು ತುತ್ತು ಬೇಡ. ಮೇಜಿನ ಮೇಲಿನ ಎಣ್ಣೆ ಬಾಟಲಿಯಲ್ಲಿ ಹಸಿ ಬೆಳ್ಳುಳ್ಳಿ ಎಸಳುಗಳು ತೇಲುತ್ತಿದ್ದು, ಅದು ಅಂಗಡಿಯಲ್ಲೇ ಮಾಡಿ ಹೊರಗೇ ಇಟ್ಟದ್ದಾದರೆ ಮುಟ್ಟಬೇಡಿ. ಎಣ್ಣೆಯೊಳಗೆ ಗಾಳಿಯಾಡದ ಕಡೆ ಬೊಟುಲಿಸಂ ಎಂಬ, ಪ್ರಾಣಕ್ಕೇ ಕುತ್ತಾಗಬಲ್ಲ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು, ರುಚಿಯಲ್ಲಿ ಗೊತ್ತಾಗುವುದಿಲ್ಲ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಆಗದವರು ನೆನಪಿಡಬೇಕಾದದ್ದು, ಪಿಜ್ಜೇರಿಯಾದ ಗಾಳಿಯಲ್ಲೇ ಹಿಟ್ಟಿನ ಧೂಳಿರುತ್ತದೆ. ಗ್ಲುಟೆನ್ ಇಲ್ಲದ ಹಿಟ್ಟಿನ ಪಿಜ್ಜಾ ಕೂಡ ಅದೇ ಓವನ್‌ಗೆ ಹೋಗುತ್ತಿದ್ದರೆ ನಂಬಬೇಡಿ.

ತಿನ್ನುತ್ತಿರುವಾಗಲೇ ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ಅದು ಅಲರ್ಜಿ. ಬಿಲ್ ಬಗ್ಗೆ ಯೋಚಿಸದೆ ತುರ್ತು ಸಹಾಯಕ್ಕೆ ಕರೆ ಮಾಡಿ. ಅಡ್ರಿನಲಿನ್ ಚುಚ್ಚುಮದ್ದು ಜೊತೆಗಿದ್ದರೆ ತಡಮಾಡದೆ ಬಳಸಿ.

ಮನೆಗೆ ಬಂದ ಮೇಲೆ ವಾಂತಿ ಭೇದಿ ಶುರುವಾದರೆ ಓಆರ್‌ಎಸ್ ಅಥವಾ ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿರಿ. ಕೆಲವು ಬ್ಯಾಕ್ಟೀರಿಯಾಗಳ ವಿಷ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೇ ಕೆಲಸ ಶುರುಮಾಡುತ್ತದೆ. ಇನ್ನು ಕೆಲವು ಸೋಂಕು ಕಾಣಿಸಿಕೊಳ್ಳಲು ದಿನಗಳೇ ಬೇಕು. ಹಾಗಾಗಿ ಕೊನೆಗೆ ತಿಂದದ್ದೇ ಕಾರಣ ಎಂದು ಹೇಳಲು ಬರುವುದಿಲ್ಲ. ಮಲದಲ್ಲಿ ರಕ್ತ, 39 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಜ್ವರ, ಕುಡಿದ ನೀರೂ ನಿಲ್ಲದ ವಾಂತಿ, ಮೂರು ದಿನ ದಾಟಿದ ಭೇದಿ, ತಲೆಸುತ್ತು, ಮೂತ್ರ ತೀರಾ ಕಡಿಮೆಯಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ವೈದ್ಯರ ಹತ್ತಿರ ಹೋಗಿ. ಚಿಕ್ಕ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಅಷ್ಟು ಕಾಯಬಾರದು. ಜೊತೆಗೆ ತಿಂದವರನ್ನು ಫೋನ್ ಮಾಡಿ ವಿಚಾರಿಸಿ. ಅವರಿಗೂ ಹಾಗೇ ಆಗಿದ್ದರೆ ಉಳಿದ ತುಂಡನ್ನು ಮುಚ್ಚಿ, ಯಾರೂ ತಿನ್ನದಂತೆ ಚೀಟಿ ಅಂಟಿಸಿ ಫ್ರಿಜ್‌ನಲ್ಲಿಡಿ, ಬಿಲ್ ಜೋಪಾನ ಮಾಡಿ, ನಿಮ್ಮೂರಿನ ಆಹಾರ ಸುರಕ್ಷತಾ ಕಚೇರಿಗೆ ತಿಳಿಸಿ.